ಪತ್ರಿಕೆಯ ಮೊದಲ ಸಾಲು

ಚಾಮರಾಜಪೇಟೆಯ ಲಗ್ನಪತ್ರಿಕೆ ಅಂಗಡಿಯಲ್ಲಿ ಒಬ್ಬರ ಮದುವೆಗೆ ಇನ್ನೊಬ್ಬರ ಪತ್ರಿಕೆ ಅಚ್ಚಾಗಿಬಿಟ್ಟಿತ್ತು. ಕಂಪ್ಯೂಟರ್ ನೋಡಲು ಬಂದ ಪ್ರಿಯಂವದಾ, ಅಂಟಂಟು ಕೀಲಿಮಣೆಯನ್ನು ಹೇಸುತ್ತಲೇ ಮುಟ್ಟಿ, ಕಮಾಂಡ್ ಲೈನಿನಲ್ಲಿ ಆಜ್ಞೆ ಟೈಪಿಸಿ ಒಂದೇ ಹೆಸರಿನ ಫೈಲುಗಳನ್ನೆಲ್ಲ ಹುಡುಕಿಸಿದಳು. ಪರದೆಯ ತುಂಬ ಒಂದೇ ಹೆಸರು, ಫೋಲ್ಡರಿಗೊಂದರಂತೆ: ಶ್ರೀ ಗಣೇಶಾಯ ನಮಃ. ಪತ್ರಿಕೆಯ ಮೊದಲ ಸಾಲನ್ನೇ ಕಂಪ್ಯೂಟರು ಫೈಲಿನ ಹೆಸರು ಮಾಡಿಕೊಂಡಿತ್ತು. ಬದಲಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಹಲ್ಲಿ ಬಿದ್ದ ಸಾರು ಬಡಿಸಿದಂತೆ ಅವಳ ಮುಖ ಕಿವುಚಿಕೊಂಡಿತು.

"ಫೈಲಿಗೆ ಮದುಮಕ್ಕಳ ಹೆಸರಿಡೋಕೆ ಏನ್ರೀ ಕಷ್ಟ ನಿಮಗೆ?"

"ಇನ್ಮೇಲೆ ಇಡ್ತೀವಿ ಮೇಡಂ. ಹೇಗೆ ಅಂತ ಟೈಪ್ ಮಾಡಿಟ್ಟು ಹೋಗಿ," ಎಂದ ಮಾಲೀಕ ಮರಿಯಣ್ಣ.

ಅವಳು ಹೊಸ ಫೈಲು ತೆರೆದಳು. ಮರಿಯಣ್ಣ ಗಾಬರಿಯಿಂದ ತಡೆದ.

"ಮೇಲೆ ಗಣೇಶನ್ನ ಹಾಕ್ದೆ ಶುರು ಮಾಡ್ಬೇಡಿ ಮೇಡಂ."