ಕುಂಡ ಸಮೇತ ನೆಟ್ಟ ಕಾಡು

ಇದನ್ನು ಬರೆಯುವಷ್ಟು ತಿಳಿದವಳು ನಾನಲ್ಲ, ಕ್ಷಮಿಸಿ. ಸಂಜೆ ತರಗತಿಗಳಲ್ಲಿ ಓದಿದವಳು. ಊರಂಚಿನ ಹೊಸ ಬಡಾವಣೆಯಲ್ಲಿ ಗಿಡಗಳ ಲೆಕ್ಕ ಇಡುವುದು ನನ್ನ ಕೆಲಸವಾಗಿತ್ತು. ಯಾರ ಮೇಲೋ ಸುಮ್ಮನೆ ಗೂಬೆ ಕೂರಿಸಿದೆನೇನೋ ಎಂಬ ಅಳುಕು ಈಗಲೂ ಇದೆ.

ಮನೆಗಳ ಜೊತೆಗೇ ಕಾಡನ್ನೂ ಬೆಳೆಸುತ್ತೇವೆಂದು ಕಂಪನಿ ಹೇಳಿತ್ತು. ಅಕ್ಕ ಆರಿಸಿಕೊಂಡದ್ದು ನಲವತ್ತನೇ ಮನೆ. ಅದರ ಹಿತ್ತಿಲಿಗೇ ಕಾಡು. ಈಗಿರುವ ಮನೆಯಲ್ಲಿ ಹೆದ್ದಾರಿಯ ಧೂಳಿಗೆ ಭಾವನಿಗೆ ಉಸಿರು ಕಟ್ಟುತ್ತಿತ್ತು.

"ನೀನು ದಿನಾ ಅಲ್ಲೇ ಇರೋಳು. ನೀನು ಹೂಂ ಅಂದ್ರೆ ಸೋಮವಾರ ಸಹಿ ಹಾಕಿಬಿಡ್ತೀವಿ" ಎಂದಳು ಅಕ್ಕ.

ಶುಕ್ರವಾರ ವಾಲಿದ್ದ ಗಿಡವೊಂದನ್ನು ನೆಟ್ಟಗೆ ಮಾಡಲು ಹಿಡಿದೆ. ಕಪ್ಪು ಪ್ಲಾಸ್ಟಿಕ್ ಕುಂಡದ ಸಮೇತ ಮೇಲೆ ಬಂತು. ಪಕ್ಕದ್ದನ್ನು ಕೆದಕಿದೆ, ಅದೂ ಹಾಗೆಯೇ. ಆರು ಗಿಡ ನೋಡಿದೆ. ಆರೂ ಕುಂಡದಲ್ಲೇ ಇದ್ದವು. ಅಂಚು ಕಾಣದಂತೆ ಮಣ್ಣು ಮುಚ್ಚಿದ್ದರು.

ಗಿಡ ನೆಡಿಸುತ್ತಿದ್ದ ಮೇಸ್ತ್ರಿಯನ್ನು ಕೇಳಿದೆ.

"ನೆಲ ಕಲ್ಲಾಗಿದೆ ಕಣಮ್ಮಾ. ಮಳೆ ಬಿದ್ಮೇಲೆ ಕುಂಡ ಬಿಡಿಸಿ ನೆಡ್ತೀವಿ."

"ಮತ್ತೆ ನಕ್ಷೇಲಿ ನಲವತ್ತಾದ್ಮೇಲೆ ಅರವತ್ತೊಂದು ಬಂದಿದೆಯಲ್ಲ? ನಡುವಿನ ಇಪ್ಪತ್ತು ಮನೆ ಎಲ್ಲಿ?"

"ಅವು ಗುಬ್ಬಚ್ಚಿಗಳ ಮನೆ ನಂಬರು!" ಕೆಲಸದವರೆಲ್ಲ ಗೊಳ್ಳೆಂದರು. "ಲೆಕ್ಕದಮ್ಮ, ಗಿಡ ಎಣಿಸು ಅಂದ್ರೆ ಬೇರು ಎಣಿಸ್ತೀಯಲ್ಲ!"

ನಾನೂ ನಕ್ಕೆ. ಆದರೆ ಅರವತ್ತೊಂದನೇ ಮನೆ ಇದ್ದದ್ದು ಕಾಡಿನ ಆಚೆ ಬದಿಯಲ್ಲಿ; ನಡುವಿನ ಇಪ್ಪತ್ತು ಮನೆಗೆ ಜಾಗ ಅಂತಿದ್ದರೆ ಅದು ಕಾಡಿನದೇ.

ಭಾನುವಾರ ಅಕ್ಕನ ಅಡುಗೆಮನೆಯಲ್ಲಿ ನಿಂತು ಎಲ್ಲ ಹೇಳಿದೆ.

"ಮಳೆ ಬಂದ್ಮೇಲೆ ನೆಡ್ತೀವಿ ಅಂದನಲ್ಲ?"

"ಅಂದ."

"ಮತ್ತಿನ್ನೇನೇ? ಮೊಸರಲ್ಲಿ ಕಲ್ಲು ಹುಡುಕೋ ಚಾಳಿ ನಿಂದು, ಹೋಗಲ್ಲ."

ಒಳಗಿನಿಂದ ಭಾವ ಕೆಮ್ಮುತ್ತಲೇ, "ಅವಳನ್ನ ಯಾಕೆ ಬೈತೀಯ? ಕೇಳಿದ್ದು ನಾವೇ ಅಲ್ವಾ" ಎಂದರು.

ಅಕ್ಕ ಸೌಟು ಕೆಳಗಿಟ್ಟಳು. "ಒಂದೇ ಮಾತು ಹೇಳು. ಹೂಂನೋ, ಉಹೂಂನೋ?"

"ಉಹೂಂ" ಎಂದೆ.

ಅವರು ಸಹಿ ಹಾಕಲಿಲ್ಲ. ನಲವತ್ತನೇ ಮನೆಗೆ ಯಾರೋ ಮೇಷ್ಟ್ರು ಬಂದರು. ವರದಿಯಲ್ಲಿ ನಾನು "ಕುಂಡ ಸಮೇತ" ಎಂದು ಬರೆದ ಮೇಲೆ ನನ್ನನ್ನು ಆಫೀಸಿನೊಳಗಿನ ಕೆಲಸಕ್ಕೆ ಹಾಕಿದರು. ಗಿಡಗಳ ಸುತ್ತ ಬೇಲಿ ಬಂತು.

ಮಳೆಗಾಲ ಕಳೆದಿದೆ. ಬೇಲಿಯಾಚೆಯಿಂದ ನೋಡಿದರೆ ಗಿಡಗಳು ಹಸಿರಾಗಿಯೇ ಇವೆ. ಅಕ್ಕ ಹೆದ್ದಾರಿ ಕಡೆಯ ಕಿಟಕಿಗಳನ್ನು ಮುಚ್ಚಿಕೊಂಡೇ ಬದುಕುತ್ತಿದ್ದಾಳೆ, ನನ್ನೊಂದಿಗೆ ಮಾತು ಅಷ್ಟಕ್ಕಷ್ಟೇ. ಮೇಸ್ತ್ರಿ ಹೇಳಿದಂತೆ ಕುಂಡಗಳನ್ನು ಬಿಡಿಸಿದರೋ ಇಲ್ಲವೋ, ನನಗೆ ಗೊತ್ತಿಲ್ಲ.