ಕಿವುಡರ ಹೆಂಡತಿ

ಹಡಗು ಹತ್ತಿದ ಮರುದಿನವೇ ನನಗೆ ಕಿವುಡರ ಹೆಂಡತಿ ಅಂತ ಹೆಸರು ಬಿತ್ತು. ಬೀಳಲಿ ಅಂತಲೇ ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ನಮ್ಮ ಯಜಮಾನರ ಕಿವಿಗೆ ಏನೂ ಆಗಿಲ್ಲ. ಮೂರನೇ ಮನೆಯಲ್ಲಿ ಚಮಚ ಬಿದ್ದರೂ ಇವರಿಗೆ ಕೇಳಿಸುತ್ತದೆ. ಇವರಿಗೆ ಆಗಿರುವುದು ಮರೆವು. ಕನ್ನಡಕ ಎಲ್ಲಿಟ್ಟೆ ಅನ್ನುವ ಮರೆವಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಇದು ಯಾರ ಮನೆ ಅಂತ ಒಳಗಿನಿಂದ ಕೂಗಿ ಕೇಳುವ ಮರೆವು.

ಮರೆವು ಅಂದರೆ ಜನ ಹತ್ತಿರ ಬರಲು ಹೆದರುತ್ತಾರೆ. ಕಿವುಡು ಅಂದರೆ ನಗುತ್ತಾರೆ, ನಾಲ್ಕು ಮಾತು ಜೋರಾಗಿ ಆಡುತ್ತಾರೆ, ಆಮೇಲೆ ಅವರ ಪಾಡಿಗೆ ಬಿಟ್ಟುಬಿಡುತ್ತಾರೆ. ಊಟ ಆಯ್ತಾ ಅಂತ ಕೇಳಿದ್ದಕ್ಕೆ ಇವರು ತಕ್ಕಡಿ ಅಂಗಡಿಯಲ್ಲೇ ಉಳಿಯಿತು ಅಂದರೂ, ಪಾಪ, ಕೇಳಿಸಿಲ್ಲ ಅಂದುಕೊಳ್ಳುತ್ತಾರೆ. ಇವರು ಬದುಕಿಡೀ ಅಂಗಡಿ ಅಂಗಡಿ ತಿರುಗಿ ತಕ್ಕಡಿ ರಿಪೇರಿ ಮಾಡಿದವರು. ಹೆಂಡತಿಯ ಹೆಸರು ತಡವರಿಸಿದರೂ ತಕ್ಕಡಿಯ ಮುಳ್ಳು ಇವರ ತಲೆಯಿಂದ ಇಳಿದಿಲ್ಲ.

ಇಷ್ಟೆಲ್ಲ ನಾಟಕ ಇವರ ಅಕ್ಕನಿಗಾಗಿ. ಅವರು ಇರುವುದು ಸಮುದ್ರದ ಆಚೆ ದಡದಲ್ಲಿ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಹೆಂಗಸು, ಈಗ ಹಾಸಿಗೆ ಹಿಡಿದಿದ್ದಾರೆ. ಫೋನಿನಲ್ಲಿ ನನ್ನನ್ನು ಬೇಡಿಕೊಂಡದ್ದು ಒಂದೇ ಮಾತು: "ಅವನು ನನ್ನ ಗುರುತು ಮರೆಯೋದ್ರೊಳಗೆ ಒಂದ್ಸಲ ಕರ್ಕೊಂಡು ಬಾಮ್ಮ." ಇವರ ಶ್ವಾಸಕೋಶಕ್ಕೆ ವಿಮಾನ ಸಲ್ಲದು ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಉಳಿದದ್ದು ಈ ವಿಹಾರದ ಹಡಗು. ಟಿಕೆಟ್ ಕೊಡುವವನು ಮೊದಲೇ ಎಚ್ಚರಿಸಿದ್ದ, ಬುದ್ಧಿ ನೆಟ್ಟಗಿಲ್ಲದವರನ್ನು ಹತ್ತಿಸಿಕೊಳ್ಳುವುದಿಲ್ಲ, ನಡುದಾರಿಯಲ್ಲಿ ಗೊತ್ತಾದರೆ ಮಧ್ಯೆ ಸಿಗುವ ದ್ವೀಪದಲ್ಲಿ ಇಳಿಸಿ ವಾಪಸ್ ಕಳಿಸುತ್ತಾರೆ ಅಂತ. ಹೇಳುತ್ತಾ ಹೇಳುತ್ತಾ ಇವರ ಕಡೆ ನೋಡಿ, ಯಾಕೆ ಏನು ಕೇಳಿದರೂ ಉತ್ತರ ಕೊಡುತ್ತಿಲ್ಲ ಅಂದ. ಕಿವಿ ಸ್ವಲ್ಪ ಮಂದ ಅಂದೆ. ಅಲ್ಲಿಂದ ಶುರುವಾಯಿತು.

ವಿಹಾರವಂತೆ, ವಿಹಾರ. ನಮಗೆ ಸಿಕ್ಕಿದ್ದು ಕಿಟಕಿಯಿಲ್ಲದ ಒಳಕೋಣೆ. ದೀಪ ಆರಿಸಿದರೆ ಹಗಲೂ ಅಮಾವಾಸ್ಯೆ. ಹೊರಗೆ ಬಂದರೆ ಉದ್ದಾನುದ್ದ ಓಣಿ, ಎರಡೂ ಕಡೆ ಒಂದೇ ಅಚ್ಚಿನ ಬಾಗಿಲುಗಳು. ಬುದ್ಧಿ ನೆಟ್ಟಗಿರುವ ನಾನೇ ಎರಡು ಸಲ ಬೇರೆಯವರ ಕೋಣೆ ತಟ್ಟಿ ಹಲ್ಲು ಗಿಂಜಿ ಬಂದಿದ್ದೇನೆ. ಮೇಲಿನ ಡೆಕ್ಕಿನಲ್ಲಿ ಜನ ಯಾರೋ ಕೂಲಿ ಕೊಡುತ್ತಾರೇನೋ ಅನ್ನುವ ಹಾಗೆ ಸುತ್ತು ಹಾಕುತ್ತಿದ್ದರು. ಆಗಾಗ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸಿ ಅಂತ ಮೈಕಿನಲ್ಲಿ ಹೇಳುತ್ತಿದ್ದರು. ಅದರಿಂದ ಒಂದು ಉಪಕಾರವಾಯಿತು. ಇಡೀ ಹಡಗಿಗೇ ಹೊತ್ತುಗೊತ್ತು ತಪ್ಪಿದ್ದರಿಂದ, ಇವರು ನಡುಮಧ್ಯಾಹ್ನ ಬೆಳಗಿನ ತಿಂಡಿ ಕೇಳಿದರೂ ಯಾರೂ ಹುಬ್ಬೇರಿಸಲಿಲ್ಲ.

ಊಟದ ಮೇಜಿನಲ್ಲಿ ನಮ್ಮ ಜೊತೆ ಒಬ್ಬರು ಹಲ್ಲಿನ ಡಾಕ್ಟರು ಇದ್ದರು. ಕೆಲಸದಿಂದ ನಿವೃತ್ತರಾಗಿ ಒಂಟಿಯಾಗಿ ಹೊರಟವರು. ಒಳ್ಳೆಯ ಮನುಷ್ಯ, ಆದರೆ ಆ ಒಳ್ಳೆಯತನವೇ ನನ್ನ ಪ್ರಾಣ ತಿನ್ನುತ್ತಿತ್ತು. ಇವರ ಕಿವಿಯ ಹತ್ತಿರ ಬಾಯಿ ತಂದು, ಸಾರು ಬಿಸಿಯಿದೆ ಅಂತ ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದರು. ಇವರು ಬೆಚ್ಚಿಬಿದ್ದು ನನ್ನ ಕಡೆ ತಿರುಗುತ್ತಿದ್ದರು. ಒಮ್ಮೆ ಮೆಲ್ಲಗೆ ಕೇಳಿದರು, "ಅಲ್ಲ ಕಣೇ, ಈ ಮನುಷ್ಯನಿಗೆ ಕಿವುಡಾ?" ಹೌದು ಅಂತ ತಲೆಯಾಡಿಸಿದೆ. ಮರುದಿನದಿಂದ ಇವರೂ ಅವರ ಕಿವಿಯಲ್ಲಿ ಕಿರುಚತೊಡಗಿದರು. ಇಬ್ಬರ ಸ್ನೇಹ ನೋಡಿ ಸುತ್ತಲಿನವರೆಲ್ಲ ನಕ್ಕರು. ನಾನೂ ನಕ್ಕೆ. ದ್ವೀಪ ಒಂದು ದಾಟಿಬಿಟ್ಟರೆ ಸಾಕು, ಆಮೇಲೆ ಇಳಿಸಲು ಜಾಗವೇ ಇರುವುದಿಲ್ಲ ಅಂತ ದಿನ ನೂಕುತ್ತಿದ್ದೆ.

ಕೋಣೆಯ ಬಾಗಿಲಿನದೇ ನನಗೆ ದೊಡ್ಡ ಚಿಂತೆ. ಹೊರಗಿನಿಂದ ಬರಲು ಕಾರ್ಡ್ ಬೇಕು, ಒಳಗಿನಿಂದ ಹೋಗಲು ಹಿಡಿ ತಿರುಗಿಸಿದರೆ ಸಾಕು. ಅದಕ್ಕೆ ನಾನು ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಇಡುತ್ತಿದ್ದೆ. ಕುರ್ಚಿ ಕಂಡರೆ ಇವರು ಸುಮ್ಮನೆ ಅದರ ಮೇಲೆ ಕೂತುಬಿಡುತ್ತಿದ್ದರು. ಅಷ್ಟು ಸುಲಭದ ಉಪಾಯ.

ದ್ವೀಪಕ್ಕೆ ಇನ್ನೊಂದು ದಿನದ ದಾರಿ ಇರುವಾಗ ಸಮುದ್ರ ಏಳತೊಡಗಿತು. ಈಜುಕೊಳದ ನೀರು ಖಾಲಿ ಮಾಡಿ ಮೇಲೆ ಬಲೆ ಕಟ್ಟಿದರು. ಓಣಿಯ ಕೈಹಿಡಿಗೆ ಉದ್ದಕ್ಕೂ ವಾಂತಿಯ ಚೀಲಗಳನ್ನು ಸಿಕ್ಕಿಸಿದರು. ನಮ್ಮ ಕೋಣೆ ಚೊಕ್ಕಟ ಮಾಡುವ ಹೆಂಗಸು ಬಂದು, ಸಮುದ್ರ ಎದ್ದಾಗ ಅಲುಗಾಡುವ ಸಾಮಾನು ಯಾವುದೂ ಬಿಡಿಯಾಗಿ ಇರಬಾರದು ಅಂತ ಹೂದಾನಿ ಎತ್ತಿ ಕಪಾಟಿಗೆ ಹಾಕಿದಳು, ಕುರ್ಚಿಯನ್ನು ಮಂಚದ ಕಾಲಿಗೆ ಪಟ್ಟಿಯಿಂದ ಬಿಗಿದು ಕಟ್ಟಿದಳು. ಅವಳ ಕೆಲಸ ಅವಳು ಮಾಡಿದಳು. ನಾನು ಬಚ್ಚಲಲ್ಲಿ ಇವರ ಬನಿಯನ್ ಹಿಂಡುತ್ತಿದ್ದೆ. ಕೈ ಒರೆಸಿಕೊಂಡು ಹೊರಗೆ ಬಂದರೆ ಅವಳೂ ಇಲ್ಲ, ಇವರೂ ಇಲ್ಲ.

ಓಣಿಗೆ ಓಡಿದೆ. ಎಡಕ್ಕೂ ಬಾಗಿಲುಗಳು, ಬಲಕ್ಕೂ ಬಾಗಿಲುಗಳು. ನೆಲ ಒಮ್ಮೆ ಕಾಲಿಗೆ ಎದುರಾಗಿ ಏಳುತ್ತಿತ್ತು, ಒಮ್ಮೆ ಜಾರುತ್ತಿತ್ತು. ಯಾರಿಗೂ ಹೇಳದೆ ನಾನೇ ಹುಡುಕಿ ತರೋಣ ಅಂದುಕೊಂಡೆ. ಊಟದ ಕೋಣೆ, ಪುಸ್ತಕದ ಕೋಣೆ, ಇಸ್ಪೀಟಿನ ಕೋಣೆ ಎಲ್ಲ ನೋಡಿದೆ. ಅರ್ಧ ಜನ ಹೊಟ್ಟೆ ತೊಳಸಿಕೊಂಡು ಮಲಗಿದ್ದರಿಂದ ಎಲ್ಲ ಕಡೆ ಭಣಭಣ. ಕೊನೆಗೆ ಹೊರಗಿನ ಡೆಕ್ಕಿನ ಗಾಜಿನ ಬಾಗಿಲಿಗೆ ಬಂದೆ. ಒಬ್ಬ ನಾವಿಕ ಆಗ ತಾನೇ ಅದಕ್ಕೆ ಅಡ್ಡ ಹಗ್ಗ ಕಟ್ಟುತ್ತಿದ್ದ. ಗಾಜಿನಾಚೆ ಕಂಬಿ ಒದ್ದೆಯಾಗಿ ಹೊಳೆಯುತ್ತಿತ್ತು, ಅದರಾಚೆ ನೀರು ಗುಡ್ಡದ ಹಾಗೆ ಏಳುತ್ತಿತ್ತು. ಇಲ್ಲಿಂದ ಯಾರಾದರೂ ಹೊರಗೆ ಹೋದರಾ ಅಂತ ಕೇಳಿದೆ. ನಾನು ಬಂದ ಮೇಲೆ ಯಾರೂ ಹೋಗಿಲ್ಲ ಅಂದ. ನೀನು ಬರುವ ಮೊದಲು ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಕೌಂಟರಿಗೆ ಹೋಗಿ ಹೇಳಿದೆ. ಕ್ಷಣದಲ್ಲಿ ಹಡಗಿನ ಸುರಕ್ಷತೆಯ ಅಧಿಕಾರಿ ಬಂದರು. ನನಗೆ ಮಗನಾಗುವ ವಯಸ್ಸು, ಆದರೆ ಮುಖದಲ್ಲಿ ನಗುವಿನ ಲೇಶವೂ ಇಲ್ಲ. ಎತ್ತರ, ಬಣ್ಣ, ಅಂಗಿ ಎಲ್ಲ ಕೇಳಿಕೊಂಡು, ಮಹಡಿಗೆ ಇಷ್ಟು ಜನ ಅಂತ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದರು:

"ಬೇರೆ ಯಾರಾದ್ರೂ ಆಗಿದ್ರೆ ಮೈಕಲ್ಲಿ ಹೆಸರು ಹಿಡಿದು ಕರೀತಿದ್ವಿ ಅಮ್ಮ. ಇವರಿಗೆ ಕಿವಿ ಕೇಳಿಸಲ್ಲ. ಒಂದೊಂದು ಬಾಗಿಲೂ ತೆಗೆದು ನೋಡ್ಬೇಕು. ತಡ ಆಗುತ್ತೆ."

ಬಿಸಿ ತುಪ್ಪ ಅಂತಾರಲ್ಲ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಿಜ ಹೇಳಿದರೆ ನಾಳೆ ದ್ವೀಪದಲ್ಲಿ ಇಳಿಸುತ್ತಾರೆ, ಅತ್ತ ಅಕ್ಕ ಬಾಗಿಲು ನೋಡುತ್ತಾ ಕಣ್ಣು ಮುಚ್ಚುತ್ತಾರೆ. ಹೇಳದಿದ್ದರೆ ಇವರು ಯಾವುದೋ ಕತ್ತಲ ಮೂಲೆಯಲ್ಲಿ ನಿಂತಿರುತ್ತಾರೆ, ಪಕ್ಕದಲ್ಲೇ ಜನ ತುಟಿ ಬಿಚ್ಚದೆ ಹಾದುಹೋಗುತ್ತಾರೆ. ಯಾರೂ ಕರೆಯುವುದಿಲ್ಲ. ಕರೆದರೆ ಓಗೊಡುವ ಮನುಷ್ಯನನ್ನು ಇಡೀ ಹಡಗು ಬಾಯಿ ಮುಚ್ಚಿಕೊಂಡು ಹುಡುಕುತ್ತಿತ್ತು. ಹಾಗೆ ಮಾಡಿದವಳು ನಾನೇ. ಇನ್ನೇನು ಸಿಗುತ್ತಾರೆ, ಇನ್ನೇನು ಯಾರಾದರೂ ಕೈಹಿಡಿದು ತರುತ್ತಾರೆ ಅಂತ ಓಣಿಯ ತುದಿಯನ್ನೇ ನೋಡುತ್ತಾ ಕೂತೆ. ಹಲ್ಲಿನ ಡಾಕ್ಟರು ಸುದ್ದಿ ಕೇಳಿ ಗೋಡೆ ಹಿಡಿದುಕೊಂಡೇ ಬಂದು ಪಕ್ಕದಲ್ಲಿ ಕೂತರು. ಅವರಿಗೂ ಹೊಟ್ಟೆ ಸರಿಯಿರಲಿಲ್ಲ, ಮುಖ ಸುಣ್ಣದ ಹಾಗಿತ್ತು.

ಆಮೇಲೆ ಬಂದವನು ಆ ನಾವಿಕ. ಅವನ ಕೈಯಲ್ಲಿ ಒಂದು ಚಪ್ಪಲಿ ಇತ್ತು. ಹಿಂಬದಿಯ ಡೆಕ್ಕಿಗೆ ಹೋಗುವ ಬಾಗಿಲ ಹೊರಗೆ ಬಿದ್ದಿತ್ತಂತೆ. ಎಡಗಾಲಿನದು, ಪಟ್ಟಿ ಕಿತ್ತದ್ದನ್ನು ನಾನೇ ದಬ್ಬಳದಿಂದ ಹೊಲಿದದ್ದು. ನೀರು ತೊಟ್ಟಿಕ್ಕುತ್ತಿತ್ತು.

ಅಧಿಕಾರಿಯ ತೋಳು ಹಿಡಿದುಕೊಂಡೆ.

"ಅವರಿಗೆ ಕಿವಿ ಕೇಳಿಸುತ್ತಪ್ಪ. ಚೆನ್ನಾಗಿ ಕೇಳಿಸುತ್ತೆ. ಮರೆವಿನ ಕಾಯಿಲೆ. ನಾನು ಸುಳ್ಳು ಹೇಳಿದೆ."

ಅವರು ನನ್ನನ್ನು ನೋಡಿದ ನೋಟಕ್ಕಿಂತ ನಾಲ್ಕು ಬೈದಿದ್ದರೆ ವಾಸಿ. ಇಷ್ಟು ಹೊತ್ತು ಯಾಕೆ ಸುಮ್ಮನಿದ್ದಿರಿ ಅಂತ ಮಾತ್ರ ಕೇಳಿದರು. ಪಕ್ಕದಲ್ಲಿ ಡಾಕ್ಟರು ತಲೆ ತಗ್ಗಿಸಿ ಕೂತಿದ್ದರು, ಇಷ್ಟು ದಿನ ಕಿರುಚಿದ್ದು ನೆನಪಾಯಿತೋ ಏನೋ. ನಾಳೆ ಎಲ್ಲಿ ಬೇಕಾದರೂ ಇಳಿಸಿ, ಈಗ ಮೈಕು ಕೊಡಿ ಅಂದೆ. ಕರೆಯಲು ಅಂತಲೇ ಬೇರೆಯವರಿದ್ದಾರೆ ಅಂತ ಅವರು ಹೇಳುತ್ತಿದ್ದಂತೆ ನನಗೆ ರೇಗಿಹೋಯಿತು.

"ಬೇರೆ ಯಾರು ಕರೆದ್ರೂ ಬರಲ್ಲ ಅವರು. ಮನೆ ಮರ್ತಿದಾರೆ, ಕಟ್ಟಿಕೊಂಡ ಗಡಿಯಾರ ಮರ್ತಿದಾರೆ, ನನ್ನ ಮರ್ತಿಲ್ಲ. ನನ್ನ ದನಿ ಕೇಳಿದ್ರೆ ಎಲ್ಲಿದ್ರೂ ಎದ್ದು ಬರ್ತಾರೆ."

ಕೌಂಟರಿನ ಹಿಂದಿನ ಸಣ್ಣ ಕೋಣೆಗೆ ಕರೆದೊಯ್ದು ಮೈಕು ಕೈಗಿಟ್ಟರು. ಹುಟ್ಟಿದಾರಭ್ಯ ನಾನು ಮೈಕು ಹಿಡಿದವಳಲ್ಲ. ನನ್ನ ಉಸಿರೇ ಗೋಡೆಯಿಂದ ವಾಪಸ್ ಬಂದು ನನಗೇ ಕೇಳಿಸಿತು. ಮೊದಲು ಮರ್ಯಾದೆಯಾಗಿ, ರೀ, ನಾನು ಕೌಂಟರ್ ಹತ್ತಿರ ಇದ್ದೀನಿ, ಬನ್ನಿ ಅಂದೆ. ಇಷ್ಟು ನಯವಾಗಿ ನಾನು ಇವರನ್ನು ಯಾವತ್ತು ಕರೆದಿದ್ದೆ? ಇದು ನನ್ನ ದನಿ ಅಂತ ಇವರಿಗೆ ಹೇಗೆ ಗೊತ್ತಾಗಬೇಕು? ನಾಚಿಕೆ ಬದಿಗಿಟ್ಟು ಮನೆಯಲ್ಲಿ ಬೈಯುವ ಹಾಗೆ ಬೈಯತೊಡಗಿದೆ.

"ಎಲ್ಲಿ ಹಾಳಾಗಿ ಹೋದ್ರಿ ಒಂದು ಚಪ್ಪಲಿ ಹಾಕ್ಕೊಂಡು? ಹೇಳದೆ ಕೇಳದೆ ಹೋಗೋದು ಯಾವಾಗ ಬಿಡ್ತೀರಿ? ಬಾಗಿಲು ಎಲ್ಲಿ ಕಂಡ್ರೂ ಹೊರಗೆ ಹೋಗ್ಬೇಡಿ, ಒಳಗೆ ಬನ್ನಿ. ನನಗೆ ಹೆದರಿಕೆ ಆಗ್ತಿದೆ ಕಣ್ರೀ. ನಿಮ್ಮನ್ನ ಬಿಟ್ಟು ನಾನು ಎಲ್ಲಿಗೆ ಹೋಗ್ಲಿ? ಬಂದ್ಬಿಡಿ."

ಇನ್ನೂ ಏನೇನೋ ಅಂದೆ, ಈಗ ನೆನಪಿಲ್ಲ. ಇಡೀ ಹಡಗು ನನ್ನ ಸಂಸಾರ ಕೇಳಿತು. ಅಧಿಕಾರಿ ಮೆಲ್ಲಗೆ ಮೈಕು ತೆಗೆದುಕೊಂಡಾಗ ನಾನು ಅಳುತ್ತಿದ್ದೆ.

ಹೊರಗೆ ಬಂದಾಗ ಕೌಂಟರಿನ ಮುಂದೆ ಜನ ಸೇರಿದ್ದರು. ವಾಂತಿಯ ಚೀಲ ಕೈಯಲ್ಲಿ ಹಿಡಿದುಕೊಂಡೇ ಕೆಲವರು ಎದ್ದು ಬಂದಿದ್ದರು. ಅಷ್ಟರಲ್ಲಿ ಮೆಟ್ಟಿಲ ಕಡೆಯವರು ಅತ್ತಿತ್ತ ಸರಿದು ದಾರಿ ಬಿಟ್ಟರು. ಇವರು ಬಂದರು. ಒಂದು ಕಾಲು ಬರಿದು, ಪ್ಯಾಂಟು ಮೊಣಕಾಲವರೆಗೆ ಒದ್ದೆ, ತಲೆಗೂದಲು ಉಪ್ಪುನೀರಿಗೆ ಹಣೆಗೆ ಅಂಟಿತ್ತು. ಎಲ್ಲಿದ್ದರು, ಆ ಕಂಬಿಯ ಹತ್ತಿರ ಎಷ್ಟು ಹೊತ್ತು ನಿಂತಿದ್ದರು ಅನ್ನುವುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಗಡಿಬಿಡಿಯಲ್ಲಿ ಜನರನ್ನು ಸರಿಸುತ್ತಾ ನೇರ ನನ್ನ ಹತ್ತಿರವೇ ಬಂದರು. ದನಿ ಕೇಳಿದರೆ ಬರ್ತಾರೆ ಅಂದಿದ್ದೆನಲ್ಲ, ಬಂದರು. ಅಧಿಕಾರಿಯ ಕಡೆ ಒಮ್ಮೆ ಹೆಮ್ಮೆಯಿಂದ ನೋಡಿದೆ.

ಇವರು ನನ್ನ ಮುಂದೆ ನಿಂತು, ಏದುಸಿರು ಬಿಡುತ್ತಾ, ಕೈ ಮುಗಿದರು.

"ನೀವೇನಾ ಅಮ್ಮ ಕರೀತಿದ್ದಿದ್ದು? ನಿಮ್ಮ ಯಜಮಾನರು ಕಾಣಿಸ್ತಿಲ್ವಂತೆ. ಕೇಳಿ ಸಂಕಟ ಆಯ್ತು. ನಾನೂ ಹುಡುಕೋಣ ಅಂತ ಬಂದೆ."

ಯಾರೋ ನನ್ನ ಹಿಂದೆ ಕೂತುಕೊಳ್ಳಲು ಏನನ್ನೋ ಎಳೆದು ತಂದರು. ನಾನು ಕೂರಲಿಲ್ಲ. ಕೂತರೆ ಏಳುತ್ತಿರಲಿಲ್ಲ. ಅಕ್ಕನಿಗೆ ಏನು ಹೇಳಲಿ ಅಂತ ಒಂದು ಸಲ ಅನ್ನಿಸಿತು, ಆಮೇಲೆ ಅದೂ ಅನ್ನಿಸಲಿಲ್ಲ. ಇವರ ಒದ್ದೆ ತೋಳು ಹಿಡಿದುಕೊಂಡೆ. ಪರಹೆಂಗಸು ಮುಟ್ಟಿದ ಹಾಗೆ ಇವರು ಸ್ವಲ್ಪ ಸಂಕೋಚಪಟ್ಟರು, ಆದರೆ ಬಿಡಿಸಿಕೊಳ್ಳಲಿಲ್ಲ.

"ಬನ್ನಿ, ಹುಡುಕೋಣ," ಅಂದೆ.

ಅಧಿಕಾರಿ, ಡಾಕ್ಟರು ಹಿಂದೆ ಬಂದರು. ನಾನು ಇವರನ್ನು ನಮ್ಮ ಓಣಿಗೆ ನಡೆಸಿಕೊಂಡು ಹೋದೆ. ನೆಲ ವಾಲಿದಾಗಲೆಲ್ಲ ಹುಷಾರು ಅಮ್ಮ ಅಂತ ಇವರೇ ನನ್ನನ್ನು ಹಿಡಿಯುತ್ತಿದ್ದರು. ತೆರೆದಿದ್ದ ಒಂದೊಂದು ಕೋಣೆಯ ಮುಂದೆಯೂ ನಿಂತು ಒಳಗೆ ಇಣುಕಿ ನೋಡಿದರು. ನೋಡಲು ಹೇಗಿದ್ದಾರೆ ಅವರು ಅಂತ ಕೇಳಿದರು.

"ಎತ್ತರ, ತೆಳ್ಳಗೆ. ಮಹಾ ಮೊಂಡ," ಅಂದೆ.

"ಸಿಗ್ತಾರೆ ಬಿಡಿ," ಅಂದರು. "ಸಿಕ್ಕಿದ ಮೇಲೆ ಜಾಸ್ತಿ ಬೈಬೇಡಿ ಅಮ್ಮ. ಅವರೂ ನಿಮ್ಮನ್ನೇ ಹುಡುಕ್ತಾ ಇರ್ತಾರೆ."

ಬೈಯಲ್ಲ ಅಂತ ಮಾತು ಕೊಟ್ಟು ನಮ್ಮ ಕೋಣೆಯ ಬಾಗಿಲಿಗೆ ಕಾರ್ಡ್ ಹಚ್ಚಿದೆ.