ಯಾವ ನಟ್ಟು

"ಕಾಲು ಜುಮ್ ಅನ್ನುತ್ತಾ?" ಎಂದು ಹಾಸಿಂಗ್ ಮೂರನೇ ಸಲ ಕೇಳಿದ.

"ಇಲ್ಲ ಮಾವ. ಬರೀ ಕೆರೆತ," ಎಂದ ತಾದಿ. ದೋಣಿಯ ಹಲಗೆಯ ಮೇಲೆ ಅಂಗಾತ ಬಿದ್ದುಕೊಂಡು ಭುಜ, ಮೊಣಕೈ ಕೆರೆದುಕೊಳ್ಳುತ್ತಿದ್ದ.

ಹಾಸಿಂಗನಿಗೆ ಈ ಉತ್ತರ ಹಿಡಿಸಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಆಳದಿಂದ ಒಮ್ಮೆಲೇ ಮೇಲೆ ಬಂದಾಗ ಅವನಿಗೂ ಮೊದಲು ಬಂದದ್ದು ಕೆರೆತವೇ. ಅವತ್ತು ಸಂಜೆಯ ಹೊತ್ತಿಗೆ ಎರಡೂ ಕಾಲು ಹೋಗಿದ್ದವು. ಊರಿನವರು ಎಣ್ಣೆ ತಿಕ್ಕಿದರು, ಪ್ರಾರ್ಥನೆ ಮಾಡಿದರು, ಮಲಗಿಸಿದರು. ಅವನನ್ನು ಮತ್ತೆ ನೀರಿಗೆ ಇಳಿಸಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಆಮೇಲೆ ಅವನು ದೋಣಿಯಲ್ಲಿ ಕೈಯೂರಿ ತೆವಳುತ್ತಾ ಎಂಜಿನ್ ನೋಡಿಕೊಳ್ಳುವವನಾದ. ಕಟ್ಟಿಕೊಂಡವಳಿಗಿಂತ ಈ ಎಂಜಿನ್ನೇ ನನ್ನ ಮಾತು ಹೆಚ್ಚು ಕೇಳುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದ.

ಇವತ್ತು ಅದು ಕೇಳಿರಲಿಲ್ಲ. ಆ ಒಂದೇ ಎಂಜಿನ್ ದೋಣಿಯನ್ನೂ ಓಡಿಸಬೇಕು, ಬೆಲ್ಟ್ ಹಾಕಿದಾಗ ಗಾಳಿಯ ಕಂಪ್ರೆಸರನ್ನೂ ತಿರುಗಿಸಬೇಕು. ಕಂಪ್ರೆಸರಿನಿಂದ ಹೊರಟ ಹಳದಿ ಪೈಪು ನೀರೊಳಗಿದ್ದವನ ಬಾಯಿಗೆ ಹೋಗುತ್ತದೆ. ತಾದಿ ಹದಿನೆಂಟು ಆಳುದ್ದ ಕೆಳಗೆ ಸಮುದ್ರಸೌತೆ ಎಂಬ ತಳದ ಜೀವಿಗಳನ್ನು ಆರಿಸುತ್ತಾ ಮುಕ್ಕಾಲು ಗಂಟೆ ಕಳೆದಿದ್ದಾಗ ಎಂಜಿನ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಉಸಿರು ಸಿಗದೆ ಅವನು ಚೀಲ ಬಿಟ್ಟು ಒಂದೇ ಓಟಕ್ಕೆ ಮೇಲೆ ಬಂದಿದ್ದ. ಬಂದವನು ನಕ್ಕಿದ್ದ ಕೂಡ. "ನಿಮ್ಮ ಎರಡನೇ ಹೆಂಡ್ತಿ ಮುನಿಸ್ಕೊಂಡಿದಾಳೆ ಮಾವ, ಹೋಗಿ ಸಮಾಧಾನ ಮಾಡಿ," ಎಂದಿದ್ದ.

ಹಾಸಿಂಗ್ ಡೀಸೆಲ್ ಕ್ಯಾನ್ ಎತ್ತಿ ಅಲುಗಾಡಿಸಿದ. ಅರ್ಧಕ್ಕಿಂತ ಹೆಚ್ಚಿತ್ತು. ಫಿಲ್ಟರ್ ಬಿಚ್ಚಿ ಅಂಗೈಗೆ ಸುರಿದುಕೊಂಡು ಮೂಸಿದ. ನೀರಿಲ್ಲ, ಕಸವಿಲ್ಲ. ನಾಝಲಿನ ಹತ್ತಿರದ ನಟ್ಟನ್ನು ಸಡಿಲಿಸಿ, "ತಿರುಗಿಸು ನುರ್ಮಾ," ಎಂದ.

ತಾದಿಯ ಹೆಂಡತಿ ನುರ್ಮಾ ಕಾಲು ಅಗಲಿಸಿ ನಿಂತು ಹ್ಯಾಂಡಲ್ ತಿರುಗಿಸಿದಳು. ಡೀಸೆಲ್ ಬರಬೇಕಾದಲ್ಲಿ ಬಿಳಿ ನೊರೆ ಬಂತು.

"ಏರ್ ಹಿಡಿದಿದೆ. ನೊರೆ ಹೋಗೋ ತನಕ ಬಿಡ್ಬೇಡ."

ನೊರೆ ಹೋಯಿತು. ನಟ್ಟು ಬಿಗಿದು ಮತ್ತೆ ತಿರುಗಿಸಿದಾಗ ಎಂಜಿನ್ ನಾಲ್ಕು ಬಾರಿ ಧಡ್ ಧಡ್ ಎಂದು ನಿಂತಿತು. ಬಿಚ್ಚಿ ನೋಡಿದರೆ ಪುನಃ ನೊರೆ. ಎಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿತ್ತು. ಹಾಸಿಂಗ್ ಡೀಸೆಲ್ ಪೈಪಿನುದ್ದಕ್ಕೂ ಬೆರಳಾಡಿಸಿದ. ಬಿರುಕಿರಲಿಲ್ಲ. ಒಂದೊಂದು ನಟ್ಟಿಗೂ ಸ್ಪ್ಯಾನರ್ ಕೊಟ್ಟು ಎಳೆದು ನೋಡಿದ. ಒಂದೂ ಕೂದಲೆಳೆಯಷ್ಟು ಅಲುಗಲಿಲ್ಲ. ಅವನಿಗೆ ಭಯವಾಗತೊಡಗಿತು.

"ನುರ್ಮಾ," ಎಂದು ಹಿಂದಿನಿಂದ ತಾದಿ ಕರೆದ. "ನನ್ನ ಕಾಲಿಗೆ ಏನ್ ಹಾಕಿದೀಯೆ? ಕಾಲುಚೀಲ ಹಾಕ್ದಂಗಿದೆ."

ಅವನು ಬರಿಗಾಲಲ್ಲಿದ್ದ. ನುರ್ಮಾ ಬಂದು ಅವನ ಹೆಬ್ಬೆರಳನ್ನು ಉಗುರು ಊರುವಷ್ಟು ಚಿವುಟಿದಳು. ತಾದಿ ಆಕಾಶ ನೋಡುತ್ತಲೇ ಇದ್ದ. ಅವಳು ಹಾಸಿಂಗನ ಕಡೆ ತಿರುಗಿದಳು.

"ಉಚ್ಚೆ ಬರ್ತಾ ನೋಡೋ," ಎಂದ ಹಾಸಿಂಗ್.

ತಾದಿ ಪಕ್ಕಕ್ಕೆ ಹೊರಳಿ ತುಂಬ ಹೊತ್ತು ಪ್ರಯತ್ನಿಸಿದ. "ಬರ್ತಿಲ್ಲ," ಎಂದ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಕೆಂದಾರಿ ಪಟ್ಟಣದ ಆಸ್ಪತ್ರೆ ಎಂಜಿನ್ ಓಡಿದರೂ ಒಂಬತ್ತು ತಾಸಿನ ದಾರಿ. ಅಷ್ಟರಲ್ಲಿ ಜೋಮು ಸೊಂಟ ದಾಟಿರುತ್ತದೆ. ಮುಳುಗಿ ದುಡಿಯುವವರಿಗೆ ಗೊತ್ತಿದ್ದ ಮದ್ದು ಒಂದೇ: ಕಲ್ಲು ಕಟ್ಟಿ ಮತ್ತೆ ಅದೇ ಆಳಕ್ಕೆ ಇಳಿಸುವುದು, ಆಮೇಲೆ ಒಂದೊಂದೇ ಆಳುದ್ದ ನಿಧಾನವಾಗಿ ಮೇಲಕ್ಕೆತ್ತುವುದು. ಮೂರು ತಾಸಿನ ಕೆಲಸ. ಅಷ್ಟೂ ಹೊತ್ತು ಪೈಪಿನಲ್ಲಿ ಗಾಳಿ ಇರಬೇಕು. ಸುತ್ತ ಕಣ್ಣು ಹಾಯುವವರೆಗೆ ಬೇರೊಂದು ದೋಣಿಯಿರಲಿಲ್ಲ.

"ಇನ್ನೊಂದ್ಸಲ," ಎಂದ ಹಾಸಿಂಗ್.

ನುರ್ಮಾಳ ಅಂಗೈ ಸುಲಿದು ಹ್ಯಾಂಡಲ್ ಜಾರುತ್ತಿತ್ತು. ಸೆರಗು ಸುತ್ತಿಕೊಂಡು ತಿರುಗಿಸಿದಳು. ನೊರೆ ಬಂತು, ಹೋಯಿತು, ನಟ್ಟು ಬಿಗಿದ. ಎಂಜಿನ್ ಹೊಗೆ ಉಗುಳಿ ಹೊತ್ತಿಕೊಂಡಿತು. ನಾಲ್ಕು ಬಡಿತ ಆಯಿತು, ಹತ್ತಾಯಿತು, ನಿಲ್ಲಲಿಲ್ಲ. ಕಂಪ್ರೆಸರಿನ ಮುಳ್ಳು ಮೇಲೇರಿತು. ನುರ್ಮಾ ಮುಖ ಮುಚ್ಚಿಕೊಂಡು ಅತ್ತಳು.

ಹಾಸಿಂಗ್ ಅಳಲಿಲ್ಲ, ನಗಲೂ ಇಲ್ಲ. ಹಿಂದಿನ ಸಲ ಮಾಡಿದ್ದನ್ನೇ ಅವನು ಈ ಸಲವೂ ಮಾಡಿದ್ದ. ಆಗ ಯಾಕೆ ನಿಂತಿತು, ಈಗ ಯಾಕೆ ಓಡುತ್ತಿದೆ, ಎರಡೂ ಅವನಿಗೆ ಗೊತ್ತಿರಲಿಲ್ಲ.

ನುರ್ಮಾ ತಾದಿಯ ಸೊಂಟಕ್ಕೆ ಹಗ್ಗವನ್ನೂ ಕಲ್ಲನ್ನೂ ಕಟ್ಟಿದಳು. ಅವನು ಪೈಪಿನ ತುದಿಯನ್ನು ಕೈಯಲ್ಲಿ ಹಿಡಿದುಕೊಂಡನೇ ಹೊರತು ಬಾಯಿಗಿಡಲಿಲ್ಲ.

"ಏನಾಗಿತ್ತು ಮಾವ?"

"ಏನೋ ಆಗಿತ್ತು. ಸರಿಹೋಯ್ತಲ್ಲ, ಇಳಿ."

"ಏನೋ ಅಂದ್ರೆ ನಾನು ಇಳಿಯಲ್ಲ. ಮತ್ತೆ ನಿಂತ್ರೆ ಮೇಲೆ ಬರೋಕೆ ಕಾಲಿಲ್ಲ ನಂಗೆ. ನೀವು ಎಳೆದು ಹಾಕೋ ಹೊತ್ತಿಗೆ ಹೆಣ ಬರುತ್ತೆ. ಸಿಕ್ತೋ ಇಲ್ವೋ, ಅಷ್ಟು ಹೇಳಿ."

ಹಾಸಿಂಗ್ ತನ್ನ ಮುಂದೆ ಕೋಲಿನಂತೆ ಬಿದ್ದಿದ್ದ ಎರಡು ಕಾಲುಗಳನ್ನು ನೋಡಿದ. ಹುಡುಗನಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

"ಸಿಕ್ತು. ಒಂದು ನಟ್ಟು ಸಡಿಲ ಆಗಿತ್ತು. ಅಲ್ಲಿಂದ ಗಾಳಿ ಎಳ್ಕೊಳ್ತಿತ್ತು, ಬಿಗಿ ಮಾಡ್ದೆ."

"ನನ್ನ ಮುಖ ನೋಡ್ಕೊಂಡು ಹೇಳಿ."

ಹಾಸಿಂಗ್ ಅವನ ಮುಖ ನೋಡಿದ. "ನಟ್ಟು ಸಡಿಲ ಆಗಿತ್ತು ಮಗಾ. ಹೊತ್ತು ಕಳೀಬೇಡ."

ತಾದಿ ಪೈಪು ಕಚ್ಚಿಕೊಂಡ. ಇಬ್ಬರೂ ಸೇರಿ ಅವನನ್ನು ಅಂಚಿನ ಮೇಲೆ ಹೊರಳಿಸಿ ನೀರಿಗೆ ಬಿಟ್ಟರು. ಅವನ ಕಾಲುಗಳು ಬೇರೆ ಯಾರದೋ ಎನ್ನುವಂತೆ ತೇಲಿ, ಆಮೇಲೆ ಅವನ ಹಿಂದೆಯೇ ಇಳಿದವು. ಹಾಸಿಂಗ್ ಹಗ್ಗ ಬಿಡುತ್ತಾ ಎಣಿಸಿದ. ಹದಿನೆಂಟಕ್ಕೆ ನಿಲ್ಲಿಸಿ ಮುಂಗೈಗೆ ಸುತ್ತಿಕೊಂಡ. ಕೆಳಗಿನಿಂದ ಒಂದು ಜಗ್ಗು ಬಂತು, ಸರಿಯಿದೆ ಎಂದು.

ಎಂಜಿನ್ ಓಡುತ್ತಲೇ ಇತ್ತು. ಹಾಸಿಂಗ್ ಪ್ರತಿ ಬಡಿತವನ್ನೂ ಕಿವಿಗೊಟ್ಟು ಕೇಳುತ್ತಿದ್ದ. ನಡುವೆ ಒಂದು ಬಡಿತ ತಡವಾದಂತೆ ಕೇಳಿಸಿತು. ಅಥವಾ ಅಲೆಯ ಸದ್ದಿರಬಹುದು.

ನುರ್ಮಾ ಕಣ್ಣೊರೆಸಿಕೊಂಡು ಅವನ ಪಕ್ಕದಿಂದ ಸ್ಪ್ಯಾನರ್ ಎತ್ತಿಕೊಂಡಳು.

"ಅದು ಯಾವ ನಟ್ಟು ಮಾವ?"

"ಯಾಕೆ?"

"ಅಲುಗಾಟಕ್ಕೆ ಮತ್ತೆ ಬಿಟ್ಕೊಂಡ್ರೆ? ನಾನು ಹಿಡ್ಕೊಂಡು ಕೂತಿರ್ತೀನಿ."

ಹಾಸಿಂಗ್ ಹಗ್ಗ ಸುತ್ತಿರದ ಕೈಯೆತ್ತಿ, ಕಣ್ಣಿಗೆ ಬಿದ್ದ ಒಂದು ನಟ್ಟನ್ನು ತೋರಿಸಿದ. ನುರ್ಮಾ ಬಿಸಿ ಎಂಜಿನ್ನಿನ ಪಕ್ಕ ಮಂಡಿಯೂರಿ ಅದಕ್ಕೆ ಸ್ಪ್ಯಾನರ್ ಕೊಟ್ಟು, ಸುಲಿದ ಎರಡೂ ಕೈಗಳಿಂದ ಬಿಗಿಯಾಗಿ ಅದುಮಿ ಹಿಡಿದುಕೊಂಡು ಕುಳಿತಳು.